ಹೆಳವಪ್ಪ ಬಂದಾನ, ಬಾಗಿಲು ತೆಗೀರಿ

ಸುಗ್ಗಿ ಮುಗಿದು ಜೋಳದ ಚೀಲ ಮನೆ ಸೇರಿದ ದಿನಗಳಲ್ಲಿ ಸುರಪುರ, ಶಹಾಪುರ ಸೀಮೆಯ ಓಣಿಗಳಲ್ಲಿ ನಸುಕಿಗೇ ಗಂಟೆಯ ಸದ್ದು ಕೇಳುತ್ತಿತ್ತು. ಎತ್ತಿನ ಮೇಲೆ ಕುಳಿತು, ಕಾಲು ಮಡಚಿ ಕಂಬಳಿಯಲ್ಲಿ ಮುಚ್ಚಿಕೊಂಡು, ಮನೆಯ ಮುಂದೆ ನಿಂತು ಮುತ್ತಜ್ಜನ ಹೆಸರು ಹಿಡಿದು ಕೂಗುವವನು ಹೆಳವ. ಈಗ ಎತ್ತು ಹೋಗಿ ಮೋಟಾರ್ ಸೈಕಲ್ ಬಂದಿದೆ. ಹೊತ್ತಿಗೆ ಮಾತ್ರ ಹಾಗೇ ಇದೆ, ಬಟ್ಟೆಯಲ್ಲಿ ಸುತ್ತಿ ಬಗಲಿಗೆ ಹಾಕಿಕೊಂಡದ್ದು. ಅವನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನಮ್ಮ ದನಿ: “ಯಾವನೋ ಬೇಡಾಂವ ಬಂದಾನ, ಹತ್ತು ರೂಪಾಯಿ ಕೊಟ್ಟ ಕಳಸ್ರಿ.”

ಈ ಮಾತು ಆಡಿದವರಲ್ಲಿ ನಾನೂ ಒಬ್ಬ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಹೊತ್ತಿಗೆಯಲ್ಲಿ ಏನಿದೆ ಅಂತ ನಾವು ಕೇಳಲಿಲ್ಲ. ನಮ್ಮ ಬೆಡಗು ಯಾವುದು, ಮೂಲ ಊರು ಯಾವುದು, ಯಾವ ತಲೆಮಾರಿನವರು ಹೊಳೆ ದಾಟಿ ಈ ಕಡೆ ಬಂದರು, ಅಣ್ಣತಮ್ಮಂದಿರಲ್ಲಿ ಯಾರು ಬೇರೆಯಾಗಿ ಯಾವ ಹಳ್ಳಿಗೆ ಹೋಗಿ ಒಕ್ಕಲಾದರು, ಇಂಥವೆಲ್ಲ ಹೆಳವನ ಬಾಯಲ್ಲಿ ಮತ್ತು ಬರಹದಲ್ಲಿ ಉಳಿದು ಬಂದಿವೆ. ಒಂದೊಂದು ಹೆಳವರ ಮನೆತನಕ್ಕೆ ಇಂತಿಷ್ಟು ಊರು, ಇಂತಿಷ್ಟು ಮನೆ ಅಂತ ಹಂಚಿಕೆ. ಅಪ್ಪ ಹೋದ ಮೇಲೆ ಮಗ ಅದೇ ಮನೆಗಳಿಗೆ ಬಂದು, ಹಿಂದಿನ ಸಲ ಬಂದ ಮೇಲೆ ಹುಟ್ಟಿದವರನ್ನು ಬರೆದುಕೊಂಡು, ಕಾಳು ಇಸಿದುಕೊಂಡು ಹೋಗುತ್ತಾನೆ. ಊರಿನವರು ಗುಳೆ ಹೋಗಿ ಬಾಗಿಲಿಗೆ ಬೀಗ ಬಿದ್ದಿದ್ದರೆ ಆ ಸಲದ ಸಾಲು ಖಾಲಿ. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಹುಟ್ಟಿದ ನಮ್ಮ ಕೂಸುಗಳನ್ನು ಅವನು ಎಲ್ಲಿ ಹುಡುಕಿ ಬರೆಯಬೇಕು?

ನಮಗೆ ಅಜ್ಜ ನೆನಪಾಗುವುದು ಹೊಲ ಪಾಲಾಗುವಾಗ. ಆಗ ನಾಡಕಚೇರಿಗೆ ಓಡುತ್ತೇವೆ, ಅಫಿಡವಿಟ್ ಮಾಡಿಸುತ್ತೇವೆ, ವಂಶವೃಕ್ಷ ಬರೆಸುತ್ತೇವೆ. ಆ ವೃಕ್ಷವನ್ನು ಕಣ್ಣು ಬಿಟ್ಟು ನೋಡಿರಿ. ಅದರಲ್ಲಿ ಎಷ್ಟು ಕೊಂಬೆಗಳನ್ನು ಕಡಿದಿರುತ್ತೇವೆ! ಅಕ್ಕ ಕೊಟ್ಟ ಮನೆ ಸೇರಿದಳು, ಅವಳ ಹೆಸರು ಯಾಕೆ? ತಂಗಿ ಸತ್ತು ಹತ್ತು ವರ್ಷವಾಯಿತು, ಅವಳ ಮಕ್ಕಳು ಬಂದು ಕೇಳಿದರೆ? ಬಿಡು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, 2005ರಲ್ಲಿ ದೇಶಕ್ಕೆಲ್ಲ ಅದು ಬಂತು. ಕಾನೂನು ಬಂದ ಮೇಲೆ ಅಕ್ಕತಂಗಿಯರ ಹೆಸರು ಸೇರಬೇಕಿತ್ತು. ಎಷ್ಟೋ ಮನೆಗಳಲ್ಲಿ ಸೇರಲಿಲ್ಲ, ಬದಲಿಗೆ ಅವರು ಹುಟ್ಟೇ ಇಲ್ಲ ಎಂಬಂಥ ಕಾಗದಗಳು ಹುಟ್ಟಿದವು. ಪಂಚರು ಅದಕ್ಕೆ ಸಹಿ ಹಾಕುತ್ತಾರೆ. ಅದೇ ಪಂಚರು ಪಂಚಮಿಗೆ ಅಕ್ಕನನ್ನು ತವರಿಗೆ ಕರೆತರಲು ಗಾಡಿ ಕಳಿಸಿದವರು.

ಇದನ್ನು ಸುಳ್ಳು ಸಾಕ್ಷಿ ಅಂತ ಕರೆಯಬೇಕು. ನಾವು ಇದಕ್ಕೆ “ಅಡ್ಜಸ್ಟ್‌ಮೆಂಟ್” ಅನ್ನುತ್ತೇವೆ.

ನಮ್ಮ ಕಡೆ ಹಳೆಯ ಕಾಗದ ಹುಡುಕುವುದು ಸುಲಭವಲ್ಲ, ಒಪ್ಪುತ್ತೇನೆ. ಸುರಪುರದ ಒಂದು ಮನೆ ಇದ್ದ ಜಾಗದಲ್ಲೇ ಇದ್ದುಕೊಂಡು ಎಷ್ಟು ಸರ್ಕಾರ ಕಂಡಿತು ನೋಡಿ. 1858ರವರೆಗೆ ನಾಯಕರ ಸಂಸ್ಥಾನ. ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುಗಿದ ಮೇಲೆ ಕೆಲ ಕಾಲ ಇಂಗ್ಲಿಷರದು, 1860ರಲ್ಲಿ ನಿಜಾಮರದು. 1948ರ ಸೆಪ್ಟೆಂಬರಿನಲ್ಲಿ ಭಾರತ ಒಕ್ಕೂಟ, 1956ರಲ್ಲಿ ಮೈಸೂರು ರಾಜ್ಯ, 2009ರ ಡಿಸೆಂಬರ್ 30ಕ್ಕೆ ಕಲಬುರಗಿಯಿಂದ ಬೇರೆಯಾಗಿ ಯಾದಗಿರಿ ಜಿಲ್ಲೆ. ಒಬ್ಬೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಬರೆದು, ತಮ್ಮ ತಮ್ಮ ಊರಲ್ಲಿ ಕಟ್ಟಿಟ್ಟು ಹೋದರು. ಮುತ್ತಜ್ಜನನ್ನು ಹುಡುಕಬೇಕಾದರೆ ಹೈದರಾಬಾದಿನ ಪತ್ರಾಗಾರ, ಕಲಬುರಗಿ, ಯಾದಗಿರಿ, ತಹಸೀಲು ಕಚೇರಿಯ ರೆಕಾರ್ಡ್ ರೂಮು, ಇಷ್ಟೂ ಕದ ತಟ್ಟಬೇಕು.

ನಿಜಾಮರ ಕಾಲದ ಹೊಲದ ದಾಖಲೆಗಳಾದ ಸೇತವಾರ, ಪಹಣಿಗಳು ಉರ್ದುವಿನವು. ಉರ್ದು ಬರಹದಲ್ಲಿ ಒಂದು ಚುಕ್ಕೆ ಮೇಲಿದ್ದರೆ ನಾಗಪ್ಪ, ಅದೇ ಚುಕ್ಕೆ ಕೆಳಗಿದ್ದರೆ ಬಾಗಪ್ಪ. ಗೆದ್ದಲು ತಿಂದ ಹಾಳೆಯಲ್ಲಿ ಆ ಚುಕ್ಕೆ ಹೋದರೆ ನಿಮ್ಮ ಅಜ್ಜ ಎರಡೂ ಅಲ್ಲ. ಇಸವಿಯೂ ಬೇರೆ, ಫಸಲಿ ಲೆಕ್ಕ: ಫಸಲಿಗೆ 590 ಕೂಡಿಸಿದರೆ ಹೆಚ್ಚುಕಮ್ಮಿ ಇಂಗ್ಲಿಷ್ ಇಸವಿ ಬರುತ್ತದೆ, 1340 ಅಂದರೆ 1930ರ ಆಸುಪಾಸು. ಇಷ್ಟು ಲೆಕ್ಕ ಗೊತ್ತಿಲ್ಲದೆ “ಇದು ಯಾವ ಕಾಲದ್ದೋ” ಅಂತ ಕಾಗದ ಬಿಸಾಡಿದವರುಂಟು. ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದು ಸ್ಥಳೀಯರೆಂದು ರುಜುವಾತು ಮಾಡುವ ಹೊತ್ತು ಬಂದಾಗ ಮನೆಮನೆಯಲ್ಲೂ ಟ್ರಂಕು ಬಿಚ್ಚಿದರು. ಆಗ ಬೇಕಾದದ್ದು ಪ್ರಮಾಣಪತ್ರ, ಅದು ಸಿಕ್ಕಿತು. ಟ್ರಂಕು ಮತ್ತೆ ಮುಚ್ಚಿತು.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಸುರಪುರದಲ್ಲಿ 1841ರಿಂದ 1853ರವರೆಗೆ ಇದ್ದ ಮೆಡೋಸ್ ಟೇಲರ್ ರಾಜನಕೋಳೂರಿಗೆ ಹೋಗಿ, ಅಲ್ಲಿನ ಕಲ್ಲಿನ ಸಮಾಧಿಗಳನ್ನು ಅಳೆದು, ಬರೆದು, ಪಂಡಿತರ ಸಭೆಗೆ ಕಳಿಸಿದ. ಹೆಸರೇ ಗೊತ್ತಿಲ್ಲದ, ಸಾವಿರಾರು ವರ್ಷ ಹಿಂದೆ ಸತ್ತವರಿಗಾಗಿ ದೂರದಿಂದ ಬಂದ ಒಬ್ಬ ಅಧಿಕಾರಿ ಬಿಸಿಲಲ್ಲಿ ನಿಂತ. ಅಪ್ಪನ ಅಪ್ಪನ ಹೆಸರು ಗೊತ್ತಿರುವ ಮನುಷ್ಯ ವರ್ಷಕ್ಕೊಮ್ಮೆ ನಮ್ಮ ಕಟ್ಟೆಗೇ ಬಂದರೆ ನಮಗೆ ನೆರಳಲ್ಲಿ ಕೂತು ಕೇಳಲು ಆಗದು.

ಹೆಳವನ ಹೊತ್ತಿಗೆಯೂ ಪೂರಾ ನ್ಯಾಯದ್ದಲ್ಲ. ಅಲ್ಲಿ ಹೆಚ್ಚಾಗಿ ಗಂಡಸರ ಸಾಲೇ ಸಾಲು. ಎಲ್ಲ ಮನೆಗೂ ಹೆಳವ ಬರುವುದಿಲ್ಲ. ಸೇತವಾರದಲ್ಲಿ ಹೊಲ ಇದ್ದವನ ಹೆಸರಿದೆ, ಆ ಹೊಲದಲ್ಲಿ ಜೀತ ಮಾಡಿದವನದಿಲ್ಲ. ಹೊಲ ಇಲ್ಲದವರು, ದೇವರಿಗೆ ಬಿಟ್ಟ ಹೆಣ್ಣುಮಕ್ಕಳು, ಬರದಲ್ಲಿ ಊರು ಬಿಟ್ಟು ತಿರುಗಿ ಬಾರದವರು ಯಾವ ಕಾಗದದಲ್ಲೂ ಇಲ್ಲ. ನನ್ನ ಅಜ್ಜಿಯ ತಾಯಿಯ ಹೆಸರು ನನಗೆ ಗೊತ್ತಾದದ್ದು ಅಜ್ಜಿ ಬೀಸುಕಲ್ಲಿನ ಮುಂದೆ ಕೂತು ಒಮ್ಮೆ ಹೇಳಿದ್ದರಿಂದ. ಬರೆದಿಟ್ಟುಕೊಳ್ಳಲಿಲ್ಲ. ಈಗ ಅದು ನೀಲವ್ವನೋ ನೀಲಮ್ಮನೋ ಅಂತ ಅನುಮಾನ. ಕೇಳಲು ಯಾರೂ ಉಳಿದಿಲ್ಲ.

ಆದ್ದರಿಂದ ಅಣ್ಣಗಳೇ, ಅಕ್ಕಗಳೇ, ಮೊದಲು ಮನೆಯಿಂದ ಶುರು ಮಾಡಿರಿ. ಕೈಯಲ್ಲಿ ಫೋನಿದೆ, ಅದರಲ್ಲಿ ರೆಕಾರ್ಡರ್ ಇದೆ. ಮನೆಯ ಹಿರಿಯ ಹೆಣ್ಣುಮಗಳ ಹತ್ತಿರ ಕೂತು ಅವಳ ತವರು, ತಾಯಿ, ತಾಯಿಯ ತವರು ಕೇಳಿರಿ. ಗಂಡನ ಹೆಸರು ಹೇಳಲು ಅವಳು ನಾಚಿದರೆ ಒಡಪಿನಲ್ಲಾದರೂ ಹೇಳಿಸಿರಿ. ವಾಡೆಯ ಅಟ್ಟದ ಮೇಲೆ ರುಮಾಲಿನಲ್ಲಿ ಕಟ್ಟಿದ ದಫ್ತರ ಇಟ್ಟುಕೊಂಡಿರುವ ಪಾಟೀಲರ, ಕುಲಕರ್ಣಿಯವರ ಮನೆಗಳೇ, ಅದನ್ನು ರದ್ದಿಗೆ ಹಾಕಬೇಡಿರಿ. ಅದು ನಿಮ್ಮ ಮನೆಯ ಆಸ್ತಿಯಷ್ಟೇ ಅಲ್ಲ, ಊರಿನ ಲೆಕ್ಕ. ಗೋಗಿಯ, ಶಹಾಪುರದ, ಯಾದಗಿರಿಯ ಉರ್ದು ಬಲ್ಲ ಹಿರಿಯರೇ, ನಿಮ್ಮ ಓದು ನಮಗೆ ಬೇಕು. ವಾರಕ್ಕೊಂದು ಸಂಜೆ ಕಾಲೇಜು ಹುಡುಗರಿಗೆ ಹಳೆಯ ಪಹಣಿ ಓದಲು ಕಲಿಸಿಕೊಡಿರಿ. ನೀವು ಹೋದ ಮೇಲೆ ಆ ಕಾಗದ ಇದ್ದೂ ಇಲ್ಲದಂತೆ.

ಸರ್ಕಾರ ರೆಕಾರ್ಡ್ ರೂಮಿನ ಮಾಡು ಸೋರದಂತೆ ಮಾಡಲಿ, ಉರ್ದು ಕಾಗದಗಳ ಚಿತ್ರ ತೆಗೆದು ಪಕ್ಕದಲ್ಲಿ ಕನ್ನಡದಲ್ಲಿ ಹೆಸರು ಬರೆಸಲಿ. ಹರಿದ್ವಾರದ ಪಂಡಾಗಳ ಬಹಿಗಳನ್ನು ಅಮೆರಿಕದ ಯೂಟಾದಿಂದ ಬಂದವರು ಮೈಕ್ರೋಫಿಲ್ಮ್ ಮಾಡಿಕೊಂಡು ಹೋದರು. ನಮ್ಮ ಹೆಳವರ ಹೊತ್ತಿಗೆಗೂ ಅಷ್ಟು ದೂರದವರೇ ಬರಬೇಕೇನು?

ಫೋಟೋ ಹೊಡೆಯುವ ಉಮೇದಿನವರಿಗೆ ಒಂದು ಎಚ್ಚರ. ಹೊತ್ತಿಗೆ ಹೆಳವನ ಅನ್ನ. ಕೇಳದೆ ಚಿತ್ರ ತೆಗೆದು ಅವನನ್ನು ಬರಿಗೈಯಲ್ಲಿ ಕಳಿಸಿದರೆ ಅದು ಕಳವು. ಕಂಬಳಿ ಹಾಸಿರಿ, ಚಹಾ ಕೊಡಿರಿ, ಓದಿಸಿರಿ, ಕಾಳೋ ರೊಕ್ಕವೋ ಮನಸ್ಸು ತುಂಬಿ ಕೊಡಿರಿ. ಓದಿ ಮುಗಿಸಿದ ಮೇಲೆ “ನಮ್ಮ ಹೆಣ್ಣುಮಕ್ಕಳ ಹೆಸರೂ ಬರಕೋ ಹೆಳವಪ್ಪ” ಅಂತ ಹೇಳಿರಿ. ನಾಳೆ ನಾಡಕಚೇರಿಯಲ್ಲಿ ವಂಶವೃಕ್ಷ ಬರೆಸುವಾಗ ಅದೇ ಹೆಸರುಗಳನ್ನು ಅಲ್ಲೂ ಬರೆಸಿರಿ.

ಈ ಸಲದ ಸುಗ್ಗಿ ಮುಗಿದ ಮೇಲೆ ಅವನು ಮತ್ತೆ ಬರುತ್ತಾನೆ. ಮನೆಯಲ್ಲಿ ಒಬ್ಬರಾದರೂ ಇರಿ.