ಒಂದು ಹೊತ್ತಿನ ಅನ್ನ, ಆರು ತಿಂಗಳ ಆಸರೆ

ನಮ್ಮ ಸೀಮೆಯ ಮಠಮಂದಿರಗಳು ಬಡವರಿಗಾಗಿ ಏನನ್ನೂ ಮಾಡುತ್ತಿಲ್ಲವೆಂದು ಯಾರಾದರೂ ಬರೆದರೆ ಅದು ಸುಳ್ಳು. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ಹೆಸರಿನಲ್ಲಿ 1988ರಲ್ಲಿ ಪ್ರಾರಂಭವಾದ ಅನ್ನಛತ್ರದಲ್ಲಿ ನಿತ್ಯವೂ ಸಹಸ್ರಾರು ಜನರು ಉಣ್ಣುತ್ತಾರೆ. ಹಳ್ಳಿಯ ಸಣ್ಣ ಮಠವೂ ಜಾತ್ರೆಯ ದಿನ ಹುಗ್ಗಿಯ ಕೊಪ್ಪರಿಗೆಯನ್ನು ಒಲೆಗೇರಿಸದೆ ಇರದು. ಇದನ್ನು ಹಗುರಾಗಿ ಕಾಣುವವರೊಡನೆ ನನಗೆ ಮಾತಿಲ್ಲ.

ನನ್ನ ತಕರಾರು ಬೇರೆ. ಆ ಜಾತ್ರೆಯ ಎಲೆ ಬೀಳುವ ಹೊತ್ತಿಗೆ ನಮ್ಮ ಅತಿ ಬಡವರು ಊರಿನಲ್ಲಿಯೇ ಇರುವುದಿಲ್ಲ.

ಜತ್ತ, ಅಕ್ಕಲಕೋಟೆಗಳು ಬರಪೀಡಿತ ತಾಲೂಕುಗಳು. ದೀಪಾವಳಿಯ ಆಸುಪಾಸಿನಲ್ಲಿ ಸಕ್ಕರೆ ಕಾರಖಾನೆಗಳ ಹಂಗಾಮು ಮೊದಲಾಗುತ್ತಲೇ, ಮುಕಾದಮನಿಂದ ಮುಂಗಡ ಪಡೆದ ಕುಟುಂಬಗಳು ಕಬ್ಬಿನ ಸೀಮೆಗೆ ಹೊರಡುತ್ತವೆ. ಗಂಡಹೆಂಡಿರಿಬ್ಬರೂ ಸೇರಿ ಅಲ್ಲಿನ ಲೆಕ್ಕದಲ್ಲಿ ಒಂದು 'ಕೊಯ್ತಾ'. ಕೊಯ್ತಾ ಎಂದರೆ ಕುಡಗೋಲು. ಆಯುಧದ ಹೆಸರಿನಿಂದಲೇ ಮನುಷ್ಯರನ್ನು ಎಣಿಸುತ್ತಾರೆ! ಮಕ್ಕಳಂತೂ ಯಾವ ಲೆಕ್ಕಕ್ಕೂ ಇಲ್ಲ. ಹುಡುಗಿ ಗುಡಿಸಲಿನಲ್ಲಿ ತಮ್ಮನನ್ನು ಕಾಯುತ್ತಾಳೆ, ಹುಡುಗ ಸೋಗೆಯ ಹೊರೆ ಕಟ್ಟುತ್ತಾನೆ. ಹತ್ತಿರ ಶಾಲೆಯಿದ್ದರೂ ಅದು ಮರಾಠಿ ಶಾಲೆ. ಕನ್ನಡದ ಎರಡನೆಯ ಇಯತ್ತೆಯಿಂದ ಹೋದ ಕೂಸು ಅಲ್ಲಿ ಮೂಕವಾಗುತ್ತದೆ. ಯುಗಾದಿಯ ಸುಮಾರಿಗೆ ಮರಳಿ ಬಂದಾಗ ಕಾಗುಣಿತ ಮರೆತಿರುತ್ತದೆ. ಹೀಗೆ ಎರಡು ಹಂಗಾಮು ಕಳೆದರೆ ಆ ಹೆಸರು ಹಾಜರಿಯಲ್ಲಿ ಉಳಿದರೂ ಮಗು ಶಾಲೆಗೆ ದಕ್ಕದು. ಕೆಲವೇ ವರುಷಗಳಲ್ಲಿ ಅವನೂ 'ಅರ್ಧ ಕೊಯ್ತಾ'. ಇನ್ನು, ಮಕ್ಕಳ ಸಂಖ್ಯೆ ಇಳಿದ ಕನ್ನಡ ಶಾಲೆಯ ಗತಿ ಏನೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ಈ ಮಕ್ಕಳಿಗೆ ಬೇಕಾದದ್ದು ಜಾತ್ರೆಯ ಹುಗ್ಗಿಯಲ್ಲ. ಮಧ್ಯಾಹ್ನದ ಊಟ ಶಾಲೆಯಲ್ಲಿ ಸಿಗುತ್ತದೆ. ರಾತ್ರಿಯ ರೊಟ್ಟಿ, ಮಲಗಲು ಒಂದು ಸೂರು, ಜ್ವರ ಬಂದರೆ ಹಣೆ ಮುಟ್ಟಿ ನೋಡುವ ಒಬ್ಬ ಮುದುಕಿ: ಇಷ್ಟು, ಅದೂ ಆರೇ ತಿಂಗಳು.

"ವಿದ್ಯೆ ಸರಕಾರದ ಹೊಣೆ, ಅನ್ನವಷ್ಟೇ ನಮ್ಮ ಧರ್ಮ" ಎನ್ನುವ ಧರ್ಮದರ್ಶಿಗಳಿದ್ದಾರೆ. ಸರಕಾರಕ್ಕೆ ಹಂಗಾಮಿ ವಸತಿಗೃಹಗಳ ಯೋಜನೆ ಇರುವುದು ನಿಜ. ಅದು ನಮ್ಮ ಹಳ್ಳಿಗೆ ಬರುವ ತನಕ ಮಗುವಿನ ವಯಸ್ಸು ನಿಲ್ಲುವುದೇ? ಅನ್ನ ಬೇರೆ, ವಿದ್ಯೆ ಬೇರೆ ಎಂಬ ಈ ವಿಂಗಡಣೆಯನ್ನು ಸಿದ್ಧಗಂಗೆಯ ಮಠ ಒಪ್ಪಲಿಲ್ಲ. 1941ರಿಂದ 2019ರವರೆಗೆ ಅಲ್ಲಿನ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳ ಕಾಲದಲ್ಲಿಯೇ ಆ ದಾಸೋಹ ಬೆಳೆದು, ಸುಮಾರು ಹತ್ತು ಸಾವಿರ ಮಕ್ಕಳು ಜಾತಿಮತಗಳ ಭೇದವಿಲ್ಲದೆ ಅಲ್ಲಿಯೇ ಉಂಡು, ಮಲಗಿ, ಓದುವಂತಾಯಿತು. ಅದು ದೊಡ್ಡ ಮಠ, ನಾವು ಬಡವರು ಎಂದರೆ, ನಾನು ಕೇಳುತ್ತಿರುವುದು ಹತ್ತು ಸಾವಿರವನ್ನಲ್ಲ. ಊರಿಗೆ ಹದಿನೈದೋ ಇಪ್ಪತ್ತೋ ಮಕ್ಕಳನ್ನು.

ಅಷ್ಟು ದೂರವಾದರೂ ಏಕೆ ಹೋಗಬೇಕು? 12ನೆಯ ಶತಮಾನದಲ್ಲಿ ಸಿದ್ಧರಾಮರು ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದರು. ನೀರಡಿಸಿದವರಿಗೆ ಒಂದು ದಿನ ಅರವಟ್ಟಿಗೆ ಇಟ್ಟು ಸುಮ್ಮನಾಗಲಿಲ್ಲ. ಅವರ ಜಾತ್ರೆಯನ್ನು ನಾವು ಸಂಕ್ರಾಂತಿಯಲ್ಲಿ ನಂದೀಧ್ವಜಗಳನ್ನೆತ್ತಿ ಮೆರೆಸುತ್ತೇವೆ. ಅದೇ ಸಂಕ್ರಾಂತಿಯ ಚಳಿಯಲ್ಲಿ ನಮ್ಮ ವಿದ್ಯಾರ್ಥಿಗಳು ಕಬ್ಬಿನ ಗಾಡಿಯ ಮೇಲೆ ಮಲಗಿರುತ್ತಾರೆ.

ಜಾತ್ರೆಗೆಂದು ಕಟ್ಟಿಸಿದ ಕೋಣೆಗಳು ಅನೇಕ ಮಠಗಳಲ್ಲಿ ವರುಷವೆಲ್ಲ ಬೀಗ ಹಾಕಿಕೊಂಡಿವೆ. ಪಾತ್ರೆಗಳಿವೆ, ಕಾಳು ಕೊಡುವ ಭಕ್ತರಿದ್ದಾರೆ. ಸಂಜೆ ಪಾಠ ಹೇಳಲು ಶಿಕ್ಷಕರಾದ ನಾವು ಸರದಿಯಂತೆ ಬರಲು ಸಿದ್ಧರಾಗೋಣ. ಯಾವ ಮನೆಯವರು ಈ ವರುಷ ಮುಂಗಡ ಪಡೆದಿದ್ದಾರೆಂಬುದು ಪ್ರತಿಯೊಂದು ಶಾಲೆಗೂ ಗೊತ್ತು. ಮಕ್ಕಳ ಹೆಸರುಗಳ ಯಾದಿಯನ್ನು ಒಯ್ಯಲು ದಸರೆಗೆ ಮೊದಲು ಮಠದಿಂದ ಒಬ್ಬರು ಬಂದರೆ ಸಾಕು.