ನಾಯಿಯ ಪ್ರವಾಸಕ್ಕೆ ಯಾರ ಅಪ್ಪಣೆ?

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಹೋಂಸ್ಟೇ, ಟೆಂಟು ತಾಣಗಳ ಜಾಹೀರಾತುಗಳಲ್ಲಿ ಈಜುಕೊಳ, ಕ್ಯಾಂಪ್‌ಫೈರ್, ಜೀಪ್ ಸವಾರಿಗಳ ಸಾಲಿಗೆ ‘ಪೆಟ್ ಫ್ರೆಂಡ್ಲಿ’ ಎಂಬ ಮಾತೂ ಸೇರಿ ಕೆಲವು ವರ್ಷಗಳಾದವು. ಬೆಂಗಳೂರಿನ ಫ್ಲಾಟಿನಲ್ಲಿ ಬೆಳೆದ ಲ್ಯಾಬ್ರಡಾರನ್ನೋ, ಬೀದಿಯಿಂದ ಎತ್ತಿ ತಂದು ಸಾಕಿದ ನಾಯಿಯನ್ನೋ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ತೋಟದ ನಡುವಿನ ಗುಡಾರದಲ್ಲಿ ಎರಡು ರಾತ್ರಿ ಕಳೆದು ಬರುವುದು ಈಗ ಅಪರೂಪವಲ್ಲ. ಗುಡಾರವೆಂದರೆ ನೆಲಕ್ಕೆ ಜಮಖಾನ ಹಾಸಿ ಮಲಗುವ ಗುಡಾರವೂ ಅಲ್ಲ. ಮಂಚ, ಬಿಸಿನೀರು, ಕಮೋಡು ಎಲ್ಲ ಇರುವ ಗ್ಲ್ಯಾಂಪಿಂಗ್. ನಾಯಿಗೂ ಒಂದು ಹಾಸಿಗೆ, ಒಂದು ಬಟ್ಟಲು, ಕೆಲವೆಡೆ ಬೇಯಿಸಿದ ಕೋಳಿ ಮತ್ತು ಅನ್ನ. ಇದರಲ್ಲಿ ತಪ್ಪೇನಿದೆ ಎಂದರೆ, ತಪ್ಪಿಲ್ಲ ಎಂದೇ ನನ್ನ ಉತ್ತರ. ಆದರೆ ನಾಯಿಯನ್ನು ‘ಬಾ’ ಎಂದು ಕರೆದವರು ಯಾರು, ಆ ಕರೆ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ನಾವು ಯೋಚಿಸಿದಂತಿಲ್ಲ.

ಮೊದಲು ಕರೆದೊಯ್ಯುವವರ ಪರವಾಗಿಯೇ ಮಾತಾಡೋಣ. ಬೆಕ್ಕಿಗೆ ಮನೆ ಮುಖ್ಯ, ನಾಯಿಗೆ ಮನೆಯವರು ಮುಖ್ಯ. ಕೂಡುಕುಟುಂಬಗಳಿದ್ದಾಗ ಯಾರಾದರೊಬ್ಬರು ಮನೆಯಲ್ಲಿ ಉಳಿದು ನಾಯಿಗೆ ಅನ್ನ ಹಾಕುತ್ತಿದ್ದರು. ಈಗ ಗಂಡ ಹೆಂಡತಿ ಹೊರಟರೆಂದರೆ ಮನೆಗೆ ಬೀಗ. ಉಳಿಯುವ ದಾರಿ ಬೋರ್ಡಿಂಗ್: ಗುರುತಿಲ್ಲದ ಜಾಗ, ಗುರುತಿಲ್ಲದ ವಾಸನೆ, ರಾತ್ರಿಯಿಡೀ ಪಕ್ಕದ ಗೂಡಿನಿಂದ ಬೊಗಳುವ ಇನ್ನೊಂದು ನಾಯಿ. ರೈಲಿನಲ್ಲಿ ಒಯ್ಯೋಣವೆಂದರೆ ಮೊದಲನೇ ದರ್ಜೆಯ ಕೂಪೆಯನ್ನು ಪೂರ್ತಿ ಕಾಯ್ದಿರಿಸಬೇಕು. ಇಲ್ಲವಾದರೆ ಅದು ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆಯಲ್ಲಿ ಒಂಟಿಯಾಗಿ ಹೋಗಬೇಕು. ಹಾಗಾಗಿ ಕಾರು, ಹಾಗಾಗಿ ನಾಲ್ಕೈದು ಗಂಟೆಯಲ್ಲಿ ತಲುಪಬಹುದಾದ ಮಲೆನಾಡು. ಈ ಲೆಕ್ಕಾಚಾರದಲ್ಲಿ ಶೋಕಿಯೂ ಸ್ವಲ್ಪ ಇದ್ದೀತು, ಆದರೆ ಬಹುಪಾಲು ಪ್ರೀತಿಯೇ.

ತೊಡಕು ಶುರುವಾಗುವುದು ತಲುಪಿದ ಮೇಲೆ. ಪಟ್ಟಣದವರ ಕಣ್ಣಿಗೆ ಕಾಫಿ ತೋಟವೆಂದರೆ ದೊಡ್ಡದೊಂದು ಪಾರ್ಕು. ಅದು ಪಾರ್ಕಲ್ಲ, ಕೆಲಸದ ಜಾಗ. ಜನ ಹೆಚ್ಚಾಗಿ ಬರುವ ಡಿಸೆಂಬರ್, ಜನವರಿಯಲ್ಲೇ ಹಣ್ಣು ಕೊಯ್ಲು. ಗಿಡಗಳ ಸಾಲಿನಲ್ಲಿ ಬಗ್ಗಿ ಹಣ್ಣು ಕೀಳುತ್ತಿರುವ ಹೆಣ್ಣಾಳಿನ ಬೆನ್ನ ಹಿಂದೆ ಮೂವತ್ತು ಕಿಲೋ ತೂಕದ ನಾಯಿ ಹಾರಿಬಂದು ನಿಂತರೆ ‘ಏನೂ ಮಾಡಲ್ಲ, ತುಂಬಾ ಫ್ರೆಂಡ್ಲಿ’ ಎಂಬ ಸಮಾಧಾನ ಆಕೆಯ ಯಾವ ಉಪಯೋಗಕ್ಕೂ ಬಾರದು. ಆಕೆಗೆ ಗೊತ್ತಿರುವುದು ನಾಯಿ ಕಚ್ಚಿದರೆ ಹಾಕಿಸಿಕೊಳ್ಳಬೇಕಾದ ಸೂಜಿ, ಕಳೆದುಕೊಳ್ಳುವ ದಿನಗೂಲಿ. ಆಳುಗಳ ಲೈನ್ ಮನೆಗಳ ಮುಂದೆ ಕೋಳಿಗಳಿರುತ್ತವೆ, ಬಾಣೆಯಲ್ಲಿ ಮೇಯುವ ದನಗಳಿರುತ್ತವೆ, ತೋಟದ್ದೇ ನಾಲ್ಕು ನಾಯಿಗಳಿರುತ್ತವೆ. ಆ ನಾಲ್ಕರ ಪಾಲಿಗೆ ಬೆಂಗಳೂರಿನ ನಾಯಿ ಅತಿಥಿಯಲ್ಲ, ಗಡಿ ದಾಟಿ ಬಂದ ಪರಕೀಯ.

ಬೇಲಿಯಾಚೆಯ ಸಂಗತಿ ಇನ್ನೂ ಗಂಭೀರ. ಸಕಲೇಶಪುರ, ಆಲೂರು, ವಿರಾಜಪೇಟೆ ಸುತ್ತಿನ ತೋಟಗಳಲ್ಲಿ ಆನೆಗಳು ಹಗಲಲ್ಲೂ ನಿಂತಿರುತ್ತವೆ. ಆನೆಗೆ ನಾಯಿ ಕಂಡರಾಗದು. ನಾಯಿ ಮುಂದೆ ಹೋಗಿ ಬೊಗಳುತ್ತದೆ, ಆನೆ ತಿರುಗಿ ಬೀಳುತ್ತದೆ, ಹೆದರಿದ ನಾಯಿ ಓಡುವುದು ತನ್ನ ಯಜಮಾನನ ಕಡೆಗೇ. ಆನೆಯನ್ನೂ ಹಿಂದೆ ಕರೆದುಕೊಂಡು. ಚಿರತೆಯ ಲೆಕ್ಕ ಇನ್ನೂ ಸರಳ: ಅದಕ್ಕೆ ನಾಯಿ ಊಟ. ಅಂಗಳದಲ್ಲಿ ಕಟ್ಟಿದ ನಾಯಿಯನ್ನೇ ಹೊತ್ತೊಯ್ಯುವ ಪ್ರಾಣಿಗೆ ಗುಡಾರದ ಬಟ್ಟೆಯ ಗೋಡೆ ಯಾವ ಅಡ್ಡಿ? ಇದು ಗೊತ್ತಿರುವುದರಿಂದಲೇ ಊರಿನವರು ಸಂಜೆ ಆರಕ್ಕೇ ನಾಯಿಯನ್ನು ಒಳಗೆ ಕೂಡುವ ರೂಢಿ ಇಟ್ಟುಕೊಂಡಿದ್ದಾರೆ. ಬುಕಿಂಗ್ ಮಾಡುವಾಗ ಇದನ್ನು ಯಾರೂ ಹೇಳುವುದಿಲ್ಲ, ಹೇಳಿದರೆ ವ್ಯಾಪಾರ ಕೆಡುತ್ತದೆ.

ಕಣ್ಣಿಗೆ ಕಾಣದ ಅಪಾಯವನ್ನು ನಾವೇ ಒಯ್ಯುತ್ತೇವೆ. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಸುಮಾರು ಸಾವಿರ ಸಿಂಹಗಳು, ಅಂದರೆ ಅಲ್ಲಿನ ಸಂಖ್ಯೆಯ ಮೂರನೇ ಒಂದು ಭಾಗ, ಸತ್ತದ್ದು ಡಿಸ್ಟೆಂಪರ್ ಎಂಬ ನಾಯಿರೋಗದಿಂದ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಪರೀಕ್ಷೆಯಲ್ಲಿ ಸಿಕ್ಕಿದ್ದು ಇದೇ ವೈರಾಣು. ನಮ್ಮ ಪಶ್ಚಿಮಘಟ್ಟದಲ್ಲಿ ಸಿಂಹವಿಲ್ಲ, ಆದರೆ ನಾಯಿಯ ನೆಂಟನೇ ಆದ ಸೀಳುನಾಯಿ ಇದೆ, ಅದು ಅಳಿವಿನಂಚಿನ ಪಟ್ಟಿಯಲ್ಲಿದೆ, ಅದಕ್ಕೂ ಈ ರೋಗ ತಗಲುತ್ತದೆ. ಇದು ಎರಡೂ ಕಡೆಗೆ ನಡೆಯುವ ವ್ಯವಹಾರ. ಲಸಿಕೆ ಮುಗಿಯದ ಮರಿಯನ್ನು ಒಯ್ದರೆ ಊರ ನಾಯಿಗಳಿಂದ ಪಾರ್ವೊ ಹತ್ತಿಸಿಕೊಂಡು ಬರಬಹುದು. ಇನ್ನು ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಅದರ ಹಾವಳಿ ಹೆಚ್ಚುವುದು ಪ್ರವಾಸಿಗರು ಬರುವ ಒಣ ತಿಂಗಳುಗಳಲ್ಲೇ. ನಾಯಿ ಆ ರೋಗ ಹರಡುತ್ತದೆ ಎಂದು ನಾನು ಹೇಳುತ್ತಿಲ್ಲ. ತರಗೆಲೆಯಲ್ಲಿ ಹೊರಳಾಡಿ ಮೈತುಂಬ ಉಣುಗು ಹೊತ್ತ ನಾಯಿಯನ್ನು ಮಂಚದ ಮೇಲೆ ಮಗುವಿನ ಪಕ್ಕ ಮಲಗಿಸುವ ಮುನ್ನ ಒಮ್ಮೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ನೋಡಿ ಎನ್ನುತ್ತೇನೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದು. ಊರಿನ ನಾಯಿಗಳು ವರ್ಷವಿಡೀ ಕಾಡಿಗೆ ನುಗ್ಗಿ ಕಡವೆ ಮರಿ, ಮೊಲ, ಮುಳ್ಳುಹಂದಿಗಳನ್ನು ಅಟ್ಟಿಸಿಕೊಂಡು ಹೋಗುತ್ತವಲ್ಲ, ಎರಡು ದಿನ ಬಂದುಹೋಗುವ ಸಾಕುನಾಯಿಯ ಮೇಲೇಕೆ ಸಿಟ್ಟು? ನಿಜ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಸೇರಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದಲ್ಲಿ ನಾಯಿಗಳ ದಾಳಿಗೆ ತುತ್ತಾದ 80 ವನ್ಯಜೀವಿ ಪ್ರಭೇದಗಳ ಲೆಕ್ಕವಿದೆ; ಆ ಪಾಪದಲ್ಲಿ ದೊಡ್ಡ ಪಾಲು ಅಡ್ಡಾಡಿಕೊಂಡಿರುವ ನಾಯಿಗಳದ್ದೇ ಹೊರತು ಹೋಂಸ್ಟೇಗೆ ಬಂದ ಬೀಗಲ್‌ನದ್ದಲ್ಲ. ಹಾಗೆಂದು ಹಗ್ಗದಲ್ಲಿ ಹಿಡಿದ ನಾಯಿ ಲೆಕ್ಕಕ್ಕೇ ಬಾರದು ಎನ್ನಲಾಗದು. ಸಿಡ್ನಿ ಸುತ್ತಿನ ಕಾಡುಗಳಲ್ಲಿ ನಡೆಸಿದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಹಗ್ಗ ಕಟ್ಟಿದ ನಾಯಿಯನ್ನು ನಡೆಸಿಕೊಂಡು ಹೋದ ದಾರಿಗಳಲ್ಲಿ ಹಕ್ಕಿಗಳ ವೈವಿಧ್ಯ ಶೇ. 35ರಷ್ಟು, ಸಂಖ್ಯೆ ಶೇ. 41ರಷ್ಟು ಕಡಿಮೆ ಕಂಡಿತು. ನಾಯಿ ಯಾವ ಹಕ್ಕಿಯನ್ನೂ ಮುಟ್ಟಲಿಲ್ಲ, ಇದ್ದದ್ದಷ್ಟೇ ಸಾಕಾಯಿತು. ಮತ್ತೊಂದು ಮಾತು: ಊರ ನಾಯಿಗೆ ಬೇರೆ ಊರಿಲ್ಲ. ನಮ್ಮ ನಾಯಿಯನ್ನು ಎಲ್ಲಿಗೆ ಒಯ್ಯಬೇಕು, ಹೇಗೆ ಹಿಡಿಯಬೇಕು ಎಂಬ ಆಯ್ಕೆ ನಮ್ಮ ಕೈಯಲ್ಲಿದೆ. ಆಯ್ಕೆ ಇದ್ದವರ ಮೇಲೆ ಹೊಣೆ ಹೆಚ್ಚು.

ನಾಯಿಯೊಂದಿಗೆ ಹಳ್ಳಿಗಾಡಿಗೆ ಹೋಗಿ ಟೆಂಟು ಹೂಡುವ ಹುಚ್ಚು ನಮಗಿಂತ ಬಹಳ ಮೊದಲು ಹತ್ತಿದ್ದು ಬ್ರಿಟಿಷರಿಗೆ. ಅವರ ಕ್ಯಾಂಪಿಂಗ್ ಕ್ಲಬ್ಬೇ 1901ರಷ್ಟು ಹಳೆಯದು. ಪಬ್ಬಿನಲ್ಲೂ ನಾಯಿಯ ಮುಂದೆ ನೀರಿನ ಬಟ್ಟಲಿಡುವ ಆ ದೇಶದಲ್ಲಿ ಕಾನೂನು ಮಾತ್ರ ಮೆತ್ತಗಿಲ್ಲ. ಹೊಲದ ಕುರಿದನಗಳಿಗೆ ನಾಯಿ ತೊಂದರೆ ಕೊಟ್ಟರೆ ಯಜಮಾನನೇ ಅಪರಾಧಿ ಎನ್ನುವ ಕಾಯ್ದೆ 1953ರದ್ದು. ಬೇರೆ ದಾರಿಯೇ ಇಲ್ಲದಾಗ ಕುರಿಗಳನ್ನು ಕಾಪಾಡಲು ರೈತ ಅಂಥ ನಾಯಿಗೆ ಗುಂಡು ಹೊಡೆದರೂ ಕಾನೂನಿನ ರಕ್ಷಣೆ ಸಿಗಬಹುದು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಜನರ ಓಡಾಟಕ್ಕೆ ಮುಕ್ತವಾದ ಬೆಟ್ಟಬಯಲುಗಳಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗಾಗಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಗೆ ಎರಡು ಮೀಟರಿಗಿಂತ ಉದ್ದವಿಲ್ಲದ ಹಗ್ಗ ಕಡ್ಡಾಯ. ಇದು 2000ದ ಕಾಯ್ದೆ. ದನಗಳು ಅಟ್ಟಿಸಿಕೊಂಡು ಬಂದರೆ ಮಾತ್ರ ಹಗ್ಗ ಬಿಟ್ಟುಬಿಡಿ ಎಂದು ಅಲ್ಲಿನ ಹಳ್ಳಿಗಾಡಿನ ನಡವಳಿಕೆ ಸಂಹಿತೆ ಹೇಳುತ್ತದೆ. ದನ ಬೆನ್ನಟ್ಟುವುದು ಸಾಮಾನ್ಯವಾಗಿ ನಾಯಿಯನ್ನು, ಮನುಷ್ಯನನ್ನಲ್ಲ. ನಮ್ಮ ಆನೆಯ ಸಂಗತಿಯೂ ಇದೇ ಜಾತಿಯದ್ದು, ಆದರೆ ಆನೆಯ ಮುಂದೆ ಆ ಉಪಾಯವನ್ನು ಪರೀಕ್ಷಿಸಲು ನಾನು ಯಾರಿಗೂ ಹೇಳಲಾರೆ. ಅಂತೂ ಅಲ್ಲಿ ನಾಯಿಗೆ ಬಾಗಿಲು ತೆರೆದದ್ದೂ ನಿಯಮ ಬಿಗಿಯಾದದ್ದೂ ಬೇರೆಬೇರೆ ಕತೆಗಳಲ್ಲ. ರೈತನ ಕುರಿಗೆ ಭದ್ರತೆ ಇರುವುದರಿಂದಲೇ ಅವನು ತನ್ನ ಹೊಲದಲ್ಲಿ ನಾಯಿ ಕರೆತರುವವರಿಗೆ ಟೆಂಟು ಹಾಕಲು ಜಾಗ ಕೊಡುತ್ತಾನೆ.

ನಮ್ಮಲ್ಲಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಸಾಕುನಾಯಿಯನ್ನು ಬಿಡುವುದಿಲ್ಲ, ಅದು ಸರಿ. ಅದರಾಚೆಯ ತೋಟ, ಬಾಣೆ, ಹೊಳೆದಂಡೆಗಳಲ್ಲಿ ಎಲ್ಲವೂ ಹೋಂಸ್ಟೇ ಯಜಮಾನನ ವಿವೇಕಕ್ಕೆ ಬಿಟ್ಟದ್ದು. ಅವನು ಒಪ್ಪಿಗೆ ಕೊಡಬಹುದಾದದ್ದು ತನ್ನ ಗುಡಾರಕ್ಕೆ, ತನ್ನ ಅಂಗಳಕ್ಕೆ. ಪಕ್ಕದ ತೋಟದ ಆಳುಗಳ ಪರವಾಗಿ, ಕೆಳಗಿನ ಹಳ್ಳದ ನೀರು ಕುಡಿಯುವವರ ಪರವಾಗಿ ಒಪ್ಪಿಗೆ ಕೊಡಲು ಅವನಾರು? ‘ನಿಮ್ಮ ನಾಯಿಯನ್ನು ಇಲ್ಲಿ ಬಿಟ್ಟು ಓಡಾಡಿಸಿ’ ಎಂದು ಹಾಕುವ ಫಲಕ ನೋಡಿದರೆ ನನಗೆ ಅನುಮಾನವೇ ಮೊದಲು ಬರುತ್ತದೆ. ಅಂಥ ಜಾಗ ನಾಯಿಯ ಮಿತ್ರನೂ ಅಲ್ಲ.

ಹಾಗೆ ನೋಡಿದರೆ ಗ್ಲ್ಯಾಂಪಿಂಗಿನ ಸೌಕರ್ಯಗಳಲ್ಲಿ ನಾಯಿಗೆ ಬೇಕಾದದ್ದು ಎಷ್ಟಿದೆ? ಅದಕ್ಕೆ ಬೇಕಾದದ್ದು ನೆರಳು, ನೀರು, ಮೂಸಿ ನೋಡಲು ಹೊಸ ದಾರಿ, ಕಣ್ಣೆದುರಿಗೆ ತನ್ನವರು. ಜರಿಯ ಪರದೆ ಅದಕ್ಕೆ ಬೇಡ. ಜನರೇಟರಿನ ಗುಡುಗು, ರಾತ್ರಿ ಹನ್ನೊಂದರವರೆಗಿನ ಡಿಜೆ, ಹೊಸ ವರ್ಷದ ಪಟಾಕಿಗಳಂತೂ ಅದಕ್ಕೆ ಹಿಂಸೆ, ಏಕೆಂದರೆ ಅದರ ಕಿವಿ ನಮ್ಮದಕ್ಕಿಂತ ಎಷ್ಟೋ ಸೂಕ್ಷ್ಮ. ಬೆದರಿ ಹಗ್ಗ ಕಿತ್ತುಕೊಂಡು ಕತ್ತಲ ತೋಟಕ್ಕೆ ನುಗ್ಗಿದ ನಾಯಿಯನ್ನು ಹುಡುಕುವುದು ಸುಲಭವಲ್ಲ. ಮಳೆಗಾಲದಲ್ಲಿ ಮೂಗಿನ ಹೊಳ್ಳೆಯೊಳಗೇ ಹತ್ತುವ ಇಂಬಳ, ಬೇಸಿಗೆಯಲ್ಲಿ ಚಪ್ಪಟೆ ಮೂತಿಯ ಪಗ್‌ಗೆ ಏದುಸಿರು, ಕಾಫಿ ಗಿಡದ ಬುಡದಲ್ಲಿ ಮಲಗಿರುವ ಕೊಳಕುಮಂಡಲ. ಇವೆಲ್ಲದರ ನಡುವೆ ಹತ್ತಿರದ ಪಶು ಆಸ್ಪತ್ರೆ ಎಷ್ಟು ದೂರ, ಭಾನುವಾರ ಅಲ್ಲಿ ವೈದ್ಯರು ಸಿಗುತ್ತಾರೆಯೇ ಎಂದು ವಿಚಾರಿಸಿಕೊಂಡು ಹೊರಡುವವರು ಕಡಿಮೆ.

ಆದ್ದರಿಂದ ಹೋಗಬೇಡಿ ಎನ್ನಲಾರೆ. ನಾಯಿಯನ್ನು ಬೀಗ ಹಾಕಿದ ಮನೆಯಲ್ಲಿ ಬಿಟ್ಟು ಹೋಗುವುದಕ್ಕಿಂತ ಕರೆದೊಯ್ಯುವುದು ಎಷ್ಟೋ ಮೇಲು. ಆದರೆ ಜಾಗ ಆರಿಸುವಾಗ ಫೋಟೋ ನೋಡಿ ಮರುಳಾಗಬೇಡಿ, ಫೋನ್ ಮಾಡಿ ಮಾತಾಡಿ. ‘ಎಲ್ಲಾ ಓಕೆ ಸರ್, ಬನ್ನಿ’ ಎಂದಷ್ಟೇ ಹೇಳುವವರನ್ನು ಬಿಟ್ಟುಬಿಡಿ. ರೇಬೀಸ್ ಲಸಿಕೆಯ ಚೀಟಿ ಕಳಿಸಿ, ಹಗ್ಗ ತನ್ನಿ, ಕೊಯ್ಲಿನ ಹೊತ್ತಿನಲ್ಲಿ ತೋಟಕ್ಕೆ ಇಳಿಸಬೇಡಿ, ಕತ್ತಲಾದ ಮೇಲೆ ನಾಯಿ ಗಟ್ಟಿ ಗೋಡೆಯ ಕೋಣೆಯೊಳಗೇ ಇರಬೇಕು ಎಂದು ಒಂದೊಂದಾಗಿ ಷರತ್ತು ಹಾಕುವ ಜಾಗ ಸಿಕ್ಕರೆ, ಮುಂಗಡ ಕಳಿಸಿ.