ಐವತ್ತು ತುಂಬಿದರೆ ಪರಂಪರೆ, ಹದಿನೈದು ತುಂಬಿದರೆ ಗುಜರಿ

ಮನುಷ್ಯನಿಗೆ ಮುಪ್ಪು ಬರುವಂತೆ ಮೋಟಾರಿಗೂ ಮುಪ್ಪು ಬರುತ್ತದೆ. ಆದರೆ ಆ ಮುಪ್ಪಿನಲ್ಲಿಯೂ ಮೇಲು ಕೀಳುಗಳುಂಟು. ಇಬ್ರಾಹಿಂಪುರದ ಸಣ್ಣ ವ್ಯಾಪಾರಸ್ಥನ ಮಾಲು ಹೊರುವ ಲಾರಿಗೆ ಹದಿನೈದು ವರ್ಷ ದಾಟಿತೆಂದರೆ ಅದು ಬರಿಯ ಹಳೆಯ ಗಾಡಿ. ಬೆಂಗಳೂರಿನ ಬಂಗಲೆಯಲ್ಲಿ ನಿಂತ ಮೋಟಾರಿಗೆ ಐವತ್ತು ದಾಟಿತೆಂದರೆ ಅದು ಪರಂಪರೆ. ಮೊದಲನೆಯದನ್ನು ಗುಜರಿಯವನು ತೂಕದ ಮೇಲೆ ಕೇಳುತ್ತಾನೆ. ಎರಡನೆಯದಕ್ಕೆ ಹೂಮಾಲೆ ಹಾಕಿ ಮೆರವಣಿಗೆ ತೆಗೆಯುತ್ತಾರೆ. ಈ ಭೇದ ಹೇಗೆ ಹುಟ್ಟಿತು, ಇದರಲ್ಲಿ ನ್ಯಾಯವೆಷ್ಟು ಎಂಬುದನ್ನು ಈ ವಾರ ವಾಚಕರ ಮುಂದಿಡಬಯಸುತ್ತೇವೆ.

ಹಳೆಯ ಮೋಟಾರುಗಳ ಕ್ಲಬ್ಬೆಂದರೆ ಸಿರಿವಂತರ ಆಟ, ಗಿರಣಿಯ ಪಾಳಿ ಮುಗಿಸಿ ಬಂದವನಿಗೆ ಅದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಗೊಡವೆ ಇದೆ. ಆ ಕ್ಲಬ್ಬುಗಳು ತಮ್ಮತಮ್ಮಲ್ಲಿ ಆಡಿದ ವಾದಗಳು ಇಂದು ನಮ್ಮ ಕಾಯದೆಯಲ್ಲಿ ಬಂದು ಕೂತಿವೆ. ಆ ಕಾಯದೆಗೆ ಶುಲ್ಕ ಕಟ್ಟುವವರು ನಾವು.

ಕಥೆಯನ್ನು ಮೊದಲಿನಿಂದ ಹೇಳೋಣ. ಇಂಗ್ಲೆಂಡಿನಲ್ಲಿ 1865ನೇ ಇಸವಿಯಲ್ಲಿ ಒಂದು ಕಾಯದೆಯಾಯಿತು. ಉಗಿಬಂಡಿ ರಸ್ತೆಗಿಳಿದರೆ ಊರೊಳಗೆ ತಾಸಿಗೆ ಎರಡು ಮೈಲು, ಊರ ಹೊರಗೆ ನಾಲ್ಕು ಮೈಲಿಗಿಂತ ವೇಗವಾಗಿ ಹೋಗಕೂಡದು. ಅದರ ಮುಂದೆ 60 ಗಜ ದೂರದಲ್ಲಿ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯತಕ್ಕದ್ದು. 1896ರಲ್ಲಿ ಈ ಕಟ್ಟಳೆಯನ್ನು ತೆಗೆದು ತಾಸಿಗೆ 14 ಮೈಲಿಯ ಮಿತಿ ಇಟ್ಟರು. ಆ ವರ್ಷದ ನವೆಂಬರ್ 14ರಂದು ಮೋಟಾರಿನ ಒಡೆಯರು ಲಂಡನ್ನಿನಿಂದ ಬ್ರೈಟನ್ನಿನವರೆಗೆ ಗಾಡಿ ಓಡಿಸಿ ಸಂಭ್ರಮಪಟ್ಟರು. 1927ರಲ್ಲಿ ಆ ಓಟದ ನೆನಪಿಗೆಂದು ಹಳೆಯ ಗಾಡಿಗಳನ್ನು ಹುಡುಕಿ ತಂದು ಮತ್ತೆ ಓಡಿಸಿದರು. ಇಂದಿಗೂ ಆ ಓಟ ಹೊರಡುವ ಮುನ್ನ ಒಂದು ಕೆಂಪು ಬಾವುಟವನ್ನು ಹರಿಯುವ ಶಾಸ್ತ್ರವುಂಟು. ಅದು ನಮ್ಮ ಬಾವುಟವೆಂದು ವಾಚಕರು ಸಿಟ್ಟಾಗಬೇಕಾಗಿಲ್ಲ. ಆದರೆ ಆ ಬಾವುಟ ಹಿಡಿದು ಬಿಸಿಲಲ್ಲಿ ಮಳೆಯಲ್ಲಿ ನಡೆದ ಕೂಲಿಕಾರನ ನೆನಪಿಗೆ ಯಾವ ಕ್ಲಬ್ಬೂ ಹುಟ್ಟಲಿಲ್ಲ ಎಂಬುದನ್ನು ಗಮನಿಸಲಿ.

ಆ ಓಟದ ಉತ್ಸಾಹದಿಂದ 1930ರಲ್ಲಿ ವೆಟರನ್ ಕಾರ್ ಕ್ಲಬ್ಬು ಹುಟ್ಟಿತು. ತೀರ ಹಳೆಯ ಗಾಡಿಗಳೇ ಅದರ ದೇವರು. ನಾಲ್ಕು ವರ್ಷಗಳ ನಂತರ, 1934ರಲ್ಲಿ, ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬು ಬಂತು. ಇದರ ಹುಟ್ಟಿನ ಉದ್ದೇಶ ಕೇಳಿದರೆ ವಾಚಕರಿಗೆ ಅಚ್ಚರಿಯಾದೀತು. ಅಷ್ಟೇನೂ ಹಣವಿಲ್ಲದವರೂ ಹಳೆಯ ಗಾಡಿ ಕೊಂಡು ಓಡಿಸಲಿ ಎಂಬುದೇ ಆ ಉದ್ದೇಶ. ಅಂದರೆ ಹೊಸ ಗಾಡಿ ಕೊಳ್ಳಲಾರದವರು ಕಟ್ಟಿದ ಸಂಘವದು. ಆದರೆ ಅವರೂ ಬೇಗನೆ ಒಂದು ಗೆರೆ ಎಳೆದರು. 1930ರ ಡಿಸೆಂಬರ್ 31ರೊಳಗೆ ತಯಾರಾದದ್ದು ವಿಂಟೇಜ್. ಆಮೇಲಿನದು ಕಾರ್ಖಾನೆಯ ಪಟ್ಟಿಯ ಮೇಲೆ ಗಂಟೆಗಿಷ್ಟೆಂದು ಉದುರಿದ ಅಗ್ಗದ ಮಾಲು ಎಂಬುದು ಅವರ ಭಾವನೆ. ಮುಂದೆ ಆ ಗೆರೆಯ ಆಚೆಯ ಕೆಲವು ಗಾಡಿಗಳನ್ನೂ "ಒಳ್ಳೆಯ ತಳಿಯವು" ಎಂದು ಆರಿಸಿ ಒಳಗೆ ಬಿಟ್ಟುಕೊಂಡರು. ಗಾಡಿಗೂ ಕುಲ ಗೋತ್ರ ಕೇಳುವ ಪದ್ಧತಿ ಹೀಗೆ ಬೆಳೆಯಿತು.

ಅಮೇರಿಕೆಯಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು. 1935ರಲ್ಲಿ ಫಿಲಡೆಲ್ಫಿಯಾದಲ್ಲಿ ಒಂದು ಕ್ಲಬ್ಬು, 1937ರಲ್ಲಿ ಲಾಸ್ ಏಂಜಲಿಸ್ಸಿನಲ್ಲಿ ಇನ್ನೊಂದು, 1938ರಲ್ಲಿ ಬಾಸ್ಟನ್ನಿನಲ್ಲಿ ಮತ್ತೊಂದು. ಮೂರಕ್ಕೂ ತಾನೇ ಹಳೆಯ ಮೋಟಾರುಗಳ ನಿಜವಾದ ರಕ್ಷಕನೆಂಬ ಹೆಮ್ಮೆ. ಗ್ಲಿಡನ್ ಪ್ರವಾಸವೆಂಬ ಹಳೆಯ ಓಟವನ್ನು 1946ರಲ್ಲಿ ಬಾಸ್ಟನ್ನಿನವರು ಮತ್ತೆ ಆರಂಭಿಸಿದರು. ಮುಂದೆ ಫಿಲಡೆಲ್ಫಿಯಾದವರೂ ಕೈಹಾಕಿ, ಕೊನೆಗೆ ಒಂದು ವರ್ಷ ನೀವು, ಒಂದು ವರ್ಷ ನಾವು ಎಂಬ ಪಾಳಿಯ ಪದ್ಧತಿಗೆ ಬಂದರು. ಜಾತ್ರೆಯ ತೇರು ಮೊದಲು ಯಾವ ಓಣಿಯವರು ಎಳೆಯಬೇಕೆಂಬ ತಂಟೆಯನ್ನು ಕಂಡವರಿಗೆ ಇದು ಹೊಸದೇನಲ್ಲ.

1952ರಲ್ಲಿ ಅಲ್ಲಿ ಕ್ಲಾಸಿಕ್ ಕಾರ್ ಕ್ಲಬ್ಬು ಹುಟ್ಟಿದಾಗ ಮಾತ್ರ ಮಾತು ಬೇರೆಯಾಯಿತು. ಇಲ್ಲಿ ವಯಸ್ಸೊಂದೇ ಸಾಲದು. ಗಾಡಿ ಹುಟ್ಟುವಾಗಲೇ ಬೆಲೆಬಾಳುವ ಗಾಡಿಯಾಗಿರಬೇಕು. ಫೋರ್ಡ್ ಕಂಪನಿಯ ಮಾಡೆಲ್ ಟಿ ಗಾಡಿ 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾಯಿತು. ರೈತನೂ ಕಾರ್ಖಾನೆಯ ಕೆಲಸಗಾರನೂ ಮೊದಲ ಬಾರಿಗೆ ಕೊಂಡ ಮೋಟಾರು ಅದೇ. ಜಗತ್ತಿನ ರಸ್ತೆಗಳನ್ನು ಬದಲಿಸಿದ ಆ ಗಾಡಿಗೆ ಈ ಕ್ಲಬ್ಬಿನ ಬಾಗಿಲು ಮುಚ್ಚಿತ್ತು. ದುಡಿದ ಗಾಡಿ ಹೊರಗೆ, ಮೆರೆದ ಗಾಡಿ ಒಳಗೆ! ಇತಿಹಾಸವೆಂದರೆ ಅರಸರ ಪಟ್ಟಿ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಪಾಠಪುಸ್ತಕಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇನ್ನು ಅಸಲು ನಕಲಿಯ ಜಗಳ. ಈ ಕ್ಲಬ್ಬುಗಳಲ್ಲಿ ಸ್ನೇಹ ಮುರಿಯುವುದು ಹೆಚ್ಚಾಗಿ ಇದರಿಂದಲೇ. ಒಬ್ಬನು ಗಾಡಿಗೆ ಹೊಸ ಬಣ್ಣ ಬಳಿಸಿ, ಹೊಸ ಚರ್ಮ ಹೊದಿಸಿ ಕನ್ನಡಿಯಂತೆ ಹೊಳೆಯಿಸುತ್ತಾನೆ. ಇನ್ನೊಬ್ಬನು, ಹಳೆಯ ಬಣ್ಣ ಸುಲಿದಿದ್ದರೂ ಅದೇ ಅಸಲು, ನಿನ್ನದು ಬರಿಯ ವೇಷ ಎನ್ನುತ್ತಾನೆ. 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನವರೆಗೆ ಇಂಥ ಒಂದು ಮೊಕದ್ದಮೆ ಹೋಯಿತು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ ಊರಿನ 24 ತಾಸಿನ ಓಟವನ್ನು ಗೆದ್ದ ಬೆಂಟ್ಲಿ ಗಾಡಿಯನ್ನು ಒಂದು ಕೋಟಿ ಪೌಂಡಿಗೆ ಮಾರುವ ಕರಾರಾಗಿತ್ತು. ಅದರೊಳಗಿನ ಭಾಗಗಳು ಬಹುಮಟ್ಟಿಗೆ ಬದಲಾಗಿವೆ, ಆದುದರಿಂದ ಇದು ಆ ಗಾಡಿಯೇ ಅಲ್ಲವೆಂದು ಕೊಳ್ಳುವವರು ತಕರಾರು ತೆಗೆದರು. ಬಿಡಿ ಭಾಗಗಳು ಬದಲಾದರೂ ಗಾಡಿಯ ಬಾಳು ನಡುವೆ ಕಡಿಯದೆ ಬಂದಿದೆ, ಆದುದರಿಂದ ಅದು ಅಸಲೇ ಎಂದು ನ್ಯಾಯಾಧೀಶರು ತೀರ್ಪಿತ್ತರು.

ಈ ತೀರ್ಪು ನಮಗೆ ಬಹಳ ಮೆಚ್ಚಿಗೆಯಾಗಿದೆ. ಭಾಗ ಬದಲಾದರೂ ಗಾಡಿಯ ಬಾಳು ಕಡಿಯದಂತೆ ಉಳಿಸಿದವನು ಯಾರು? ಅದರ ಒಡೆಯನಲ್ಲ. ಕೈಗೆ ಗ್ರೀಸು ಮೆತ್ತಿಕೊಂಡ ಫಿಟ್ಟರ್, ಸಿಗದ ಭಾಗವನ್ನು ಲೇಥಿನ ಮೇಲೆ ತಿರುಗಿಸಿ ಮಾಡಿಕೊಟ್ಟ ಟರ್ನರ್, ತಗಡು ಬಡಿದು ಸರಿಮಾಡಿದ ಡೆಂಟರ್. ಆದರೆ ಪ್ರದರ್ಶನದಲ್ಲಿ ಗಾಡಿಯ ಮುಂದೆ ನಿಲ್ಲಿಸುವ ಹಲಗೆಯಲ್ಲಿ ಕಂಪನಿಯ ಹೆಸರು, ಇಸವಿ, ಒಡೆಯನ ಹೆಸರು ಇರುತ್ತವೆ. ಕೆಲಸಗಾರನ ಹೆಸರಿಗೆ ಮಾತ್ರ ಜಾಗವಿರುವುದಿಲ್ಲ.

ನಮ್ಮ ದೇಶಕ್ಕೆ ಬರೋಣ. 1964ರಲ್ಲಿ ದಿಲ್ಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರು ಹಳೆಯ ಮೋಟಾರುಗಳ ಓಟವನ್ನು ಆರಂಭಿಸಿದರು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿಯಿಂದ ಅರಸರ ರಾಜಧನ ನಿಂತ ಮೇಲೆ ಅರಮನೆಯ ಲಾಯಗಳಲ್ಲಿದ್ದ ಎಷ್ಟೋ ಗಾಡಿಗಳು ಹೊಸ ಸಿರಿವಂತರ ಕೈಸೇರಿದವು. ಮುಂಬಯಿ, ಕಲಕತ್ತಾ, ದಿಲ್ಲಿಗಳಂತೆ ನಮ್ಮ ಬೆಂಗಳೂರಿನಲ್ಲಿಯೂ ಕರ್ನಾಟಕ ವಿಂಟೇಜ್ ಮತ್ತು ಕ್ಲಾಸಿಕ್ ಕಾರ್ ಕ್ಲಬ್ಬು ಇದೆ. 2008ರಲ್ಲಿ ಮುಂಬಯಿಯಲ್ಲಿ ಒಡವೆ ಮಾರುವ ಫ್ರೆಂಚ್ ಕಂಪನಿಯೊಂದು ಸ್ಪರ್ಧೆ ಏರ್ಪಡಿಸಿತು. 2011ರಿಂದ ದಿಲ್ಲಿಯಲ್ಲಿ ಇಪ್ಪತ್ತೊಂದು ತೋಪಿನ ಸಲಾಮಿನ ಹೆಸರಿನ ಇನ್ನೊಂದು ಸ್ಪರ್ಧೆ ಹೊರಟಿತು. ಹೆಸರೇ ಹೇಳುತ್ತದೆ ಯಾರ ನೆನಪಿಗೆ ಸಲಾಮು ಎಂದು.

ಆದರೆ ಕರ್ನಾಟಕದಲ್ಲಿ ಬೇರೆ ಬಗೆಯ ಒಂದು ಸಂಘವೂ ಬೆಳೆದಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಝೆಕ್ ದೇಶದ ಸಹಕಾರದಿಂದ ಜಾವಾ ಮೋಟಾರ್ ಸೈಕಲ್ಲುಗಳನ್ನು, 1973ರಿಂದ ಯೆಜ್ದಿಗಳನ್ನು ತಯಾರಿಸಿತು. 1996ರಲ್ಲಿ ಅದು ಮುಚ್ಚಿತು. ಹಾಲಿನವನು, ಗುಮಾಸ್ತ, ಸಂತೆಯಿಂದ ಸಂತೆಗೆ ತಿರುಗುವ ಬಟ್ಟೆ ವ್ಯಾಪಾರಿ ಓಡಿಸಿದ ಗಾಡಿ ಅದು. 2007ರಲ್ಲಿ ಬೆಂಗಳೂರಿನಲ್ಲಿ ಜಾವಾ ಯೆಜ್ದಿ ಕ್ಲಬ್ಬು ಹುಟ್ಟಿತು. ಜುಲೈ ತಿಂಗಳ ಎರಡನೆಯ ಭಾನುವಾರ ಆ ಗಾಡಿಗಳ ದಿನವೆಂದು ಊರೂರುಗಳಲ್ಲಿ ಜನ ಸೇರುತ್ತಾರೆ. ಕಾರ್ಖಾನೆ ಹೋಯಿತು, ಸಾವಿರಾರು ಮನೆಗಳ ಅನ್ನ ಹೋಯಿತು. ಕೆಲಸಗಾರರ ಕೈಯ ಕೆಲಸ ಮಾತ್ರ ಇನ್ನೂ ಓಡುತ್ತಿದೆ. ಉತ್ತರಪಾರಾದಲ್ಲಿ 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ಕಾರಿನ ಕಾರ್ಖಾನೆಗೆ ಬೀಗ ಬಿದ್ದಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರೊಂದೇ 80 ಕೋಟಿ ರೂಪಾಯಿಗೆ ಮಾರಿಹೋಯಿತು. ಹೆಸರಿಗೆ ಆ ಬೆಲೆ ತಂದವರು ಯಾರೆಂದು ನಾವು ಹೇಳಬೇಕಾಗಿಲ್ಲ.

ಈಗ ಕಾಯದೆಯ ಮಾತು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ದಾಟಿದ ಕಾರು ಮತ್ತು ಮೋಟಾರ್ ಸೈಕಲ್ಲುಗಳಿಗೆ ಪ್ರತ್ಯೇಕ ನೋಂದಣಿಯನ್ನು ತಂದಿತು. 20,000 ರೂಪಾಯಿ ಕಟ್ಟಿದರೆ "ವಿಎ" ಅಕ್ಷರಗಳ ವಿಶೇಷ ಫಲಕ, ಹತ್ತು ವರ್ಷದ ಅವಧಿ; ಆಮೇಲೆ ನವೀಕರಣಕ್ಕೆ 5,000. ಪ್ರದರ್ಶನ, ಓಟಗಳಿಗೆ ಒಯ್ಯಬಹುದು, ದಿನನಿತ್ಯ ಓಡಿಸಕೂಡದು, ಬಾಡಿಗೆಗೆ ಬಿಡಕೂಡದು. ಅದೇ ವರ್ಷದ ಇನ್ನೊಂದು ನಿಯಮದಿಂದ 1-4-2022ರಿಂದ ಹದಿನೈದು ದಾಟಿದ ಕಾರಿನ ನೋಂದಣಿ ನವೀಕರಣ 600ರಿಂದ 5,000 ರೂಪಾಯಿಗೆ, ಮೋಟಾರ್ ಸೈಕಲ್ಲಿನದು 300ರಿಂದ 1,000ಕ್ಕೆ, ಬಸ್ಸು ಲಾರಿಗಳ ಪಾಸಿಂಗ್ ಶುಲ್ಕ 1,500ರಿಂದ 12,500ಕ್ಕೆ ಏರಿತು. 2025ರಲ್ಲಿ ಇಪ್ಪತ್ತು ದಾಟಿದ ಕಾರಿನ ನವೀಕರಣವನ್ನು 10,000ಕ್ಕೆ, ಮೋಟಾರ್ ಸೈಕಲ್ಲಿನದನ್ನು 2,000ಕ್ಕೆ ಒಯ್ದರು.

ವಾಚಕರೇ, ಲೆಕ್ಕ ಹಾಕಿ ನೋಡಿರಿ. ಹಳೆಯ ಲಾರಿಗೆ ಪಾಸಿಂಗ್ ವರ್ಷ ವರ್ಷವೂ ಆಗಬೇಕು. 2022ರ ದರದಲ್ಲಿ ವರ್ಷಕ್ಕೆ 12,500ರಂತೆ ಹತ್ತು ವರ್ಷಕ್ಕೆ 1,25,000 ರೂಪಾಯಿ. ಶೋಕಿಯ ಗಾಡಿಗೆ ಅದೇ ಹತ್ತು ವರ್ಷಕ್ಕೆ 20,000. ತಿಕೋಟಾದ ದ್ರಾಕ್ಷಿಯನ್ನು ಪೇಟೆಗೆ ತಂದು ಹತ್ತು ಮನೆಗಳ ಒಲೆ ಉರಿಸುವ ಗಾಡಿಗೆ ಆರು ಪಟ್ಟು ಹೆಚ್ಚು! ಗುಜರಿಗೆ ಹಾಕಿ ಹೊಸದನ್ನು ಕೊಂಡರೆ ವಾಹನ ತೆರಿಗೆಯಲ್ಲಿ ರಿಯಾಯಿತಿ ಉಂಟೆನ್ನುತ್ತಾರೆ. ಉಂಟು. 2021ರ ನಿಯಮದ ಪ್ರಕಾರ ಖಾಸಗಿ ಗಾಡಿಗೆ ನೂರಕ್ಕೆ 25ರವರೆಗೆ, ಬಾಡಿಗೆಗೆ ದುಡಿಯುವ ಗಾಡಿಗೆ ನೂರಕ್ಕೆ 15ರವರೆಗೆ. ಇಲ್ಲಿಯೂ ದುಡಿಯುವವನಿಗೆ ಕಡಿಮೆ.

ಹೊಗೆಯ ಮಾತನ್ನು ನಾವು ಮರೆತಿಲ್ಲ. ಹಳೆಯ ಡೀಸೆಲ್ ಗಾಡಿಯ ಹೊಗೆ ಕುಡಿಯುವವರೂ ನಾವೇ. ರಸ್ತೆಯ ಅಂಚಿನಲ್ಲಿ ಅಂಗಡಿ ಇಟ್ಟವರು, ಸೈಕಲ್ಲಿನ ಮೇಲೆ ಗಿರಣಿಗೆ ಹೋಗುವವರು. ಬ್ರೇಕಿಲ್ಲದ ಗಾಡಿ ಮೊದಲು ಬಲಿ ತೆಗೆದುಕೊಳ್ಳುವುದೂ ಅದರ ಚಾಲಕನನ್ನೇ. ಆದುದರಿಂದ ಕೆಟ್ಟ ಗಾಡಿ ರಸ್ತೆಯಲ್ಲಿರಲಿ ಎಂದು ನಾವು ಹೇಳುವುದಿಲ್ಲ. ನಮ್ಮ ತಕರಾರು ಇಷ್ಟೆ: ಹೊಗೆಯನ್ನು ಅಳೆಯಿರಿ, ಬ್ರೇಕನ್ನು ಪರೀಕ್ಷಿಸಿರಿ, ಪಂಚಾಂಗ ನೋಡಿ ದಂಡ ಹಾಕಬೇಡಿರಿ. ಜೋಪಾನವಾಗಿ ಇಟ್ಟ ಹದಿನಾರು ವರ್ಷದ ಗಾಡಿ, ಹಾಳುಗೆಡವಿದ ಆರು ವರ್ಷದ ಗಾಡಿಗಿಂತ ಚೊಕ್ಕವಾಗಿರಬಲ್ಲದು ಎಂಬುದು ಯಾವ ಗ್ಯಾರೇಜಿನ ಹುಡುಗನಿಗೂ ಗೊತ್ತು.

ಹದಿನೈದಕ್ಕೂ ಐವತ್ತಕ್ಕೂ ನಡುವೆ ಮೂವತ್ತೈದು ವರ್ಷ. ಗಾಡಿಯನ್ನು ಆ ಮೂವತ್ತೈದು ವರ್ಷ ದುಡಿಸದೆ, ಮಾರದೆ, ಶೆಡ್ಡಿನೊಳಗೆ ಹೊದಿಕೆ ಹಾಕಿ ಇಡಬಲ್ಲವನು ಯಾರು? 1996ರಲ್ಲಿ ಹೊರಬಂದ ಯೆಜ್ದಿ 2046ರಲ್ಲಿ ಪರಂಪರೆಯಾಗುತ್ತದೆ. ಅಷ್ಟರವರೆಗೆ ಉಳಿಯುವುದು ಉಣ್ಣಲಿಕ್ಕೆ ಬೇರೆ ಹಾದಿಯಿದ್ದವನ ಗಾಡಿ ಮಾತ್ರ. ನಾಳೆಯ ಮಕ್ಕಳು ವಸ್ತುಸಂಗ್ರಹಾಲಯಕ್ಕೆ ಹೋದರೆ ಅರಸನ ರೋಲ್ಸ್ ರಾಯ್ಸ್ ಕಾಣುತ್ತಾರೆ. ನಮ್ಮ ಟಾಂಗಾ, ಟಂಟಂ, ಟೆಂಪೋಗಳನ್ನು ಕಾಣಲಾರರು. ನಮ್ಮ ಊರು ನಡೆದದ್ದು ಯಾವುದರ ಮೇಲೆ ಎಂದು ಅವರಿಗೆ ತಿಳಿಯುವುದು ಹೇಗೆ?

ನಮ್ಮ ಊರಿನಲ್ಲಿಯೇ ಒಂದು ಪಾಠವಿದೆ. ಷೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ ತೋಪು 1549ರಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್ನು. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಅದನ್ನು ಬೇಡವಾದ ಸಾಮಾನೆಂದು ಲಿಲಾವಿಗೆ ಇಟ್ಟರು. ಬಂದ ಹೆಚ್ಚಿನ ಬೇಡಿಕೆ 150 ರೂಪಾಯಿ! ಅಷ್ಟು ಕಡಿಮೆ ಬಂದುದರಿಂದಲೇ ಮಾರಾಟ ನಿಂತು ತೋಪು ಉಳಿಯಿತು. ಇಂದು ಅದನ್ನು ನೋಡಲು ಜನ ದೂರದಿಂದ ಬರುತ್ತಾರೆ. ಗುಜರಿಯ ತಕ್ಕಡಿಗೂ ಇತಿಹಾಸದ ತಕ್ಕಡಿಗೂ ಇರುವ ಅಂತರ ಇದರಿಂದ ತಿಳಿಯುತ್ತದೆ. ಇನ್ನೊಂದು ಸಂಗತಿ: ಆ ತೋಪಿನ ಮೈಮೇಲೆ ಸುಲ್ತಾನನ ಹೆಸರಿನ ಜೊತೆಗೆ ಅದನ್ನು ಎರಕ ಹೊಯ್ದ ಮಹಮ್ಮದ್ ರೂಮಿಯ ಹೆಸರನ್ನೂ ಕೆತ್ತಿದ್ದಾರೆ. ನಾಲ್ಕುನೂರ ಎಪ್ಪತ್ತು ವರ್ಷಗಳ ಹಿಂದೆ ಸುಲ್ತಾನರ ಆಳಿಕೆಯಲ್ಲಿ ಕಸುಬುದಾರನಿಗೆ ಸಿಕ್ಕ ಮರ್ಯಾದೆ ಇಂದಿನ ಪ್ರಜಾರಾಜ್ಯದ ಕ್ಲಬ್ಬುಗಳಲ್ಲಿ ಸಿಗಬಾರದೇ?

ಆದುದರಿಂದ ನಮ್ಮ ಬೇಡಿಕೆಗಳು ಇವು. ಪಾಸಿಂಗ್ ಶುಲ್ಕವು ಗಾಡಿಯ ವಯಸ್ಸನ್ನಲ್ಲ, ಸ್ಥಿತಿಯನ್ನು ನೋಡಿ ನಿರ್ಧಾರವಾಗಲಿ. ಒಂದೇ ಗಾಡಿಯನ್ನು ನಂಬಿದ ಚಾಲಕನಿಗೂ ಸಣ್ಣ ವ್ಯಾಪಾರಸ್ಥನಿಗೂ ಹೊಸ ಗಾಡಿಗೆ ಸಹಕಾರಿ ಬ್ಯಾಂಕಿನಿಂದ ಕಡಿಮೆ ಬಡ್ಡಿಯ ಸಾಲ ಸಿಗಲಿ. ಗುಜರಿಯ ರಿಯಾಯಿತಿಯಲ್ಲಿ ದುಡಿಯುವ ಗಾಡಿಗೆ ಖಾಸಗಿ ಗಾಡಿಗಿಂತ ಕಡಿಮೆ ಕೊಡುವ ಅನ್ಯಾಯ ನಿಲ್ಲಲಿ. ಧರ್ಮಸ್ಥಳದ ಮಂಜೂಷಾದಲ್ಲಿ, ಶ್ರೀರಂಗಪಟ್ಟಣದ ಬಳಿಯ ಪಯಣದಲ್ಲಿ ಹಳೆಯ ಕಾರುಗಳನ್ನು ಜನರಿಗೆ ತೋರಿಸುವ ಏರ್ಪಾಡಿದೆ, ಅದು ಒಳ್ಳೆಯದು. ಹಾಗೆಯೇ ಪ್ರತಿ ಜಿಲ್ಲೆಯಲ್ಲಿ ದುಡಿದ ಯಂತ್ರಗಳಿಗೂ ಒಂದು ಸಾರ್ವಜನಿಕ ಶೆಡ್ಡು ಆಗಲಿ. ಟಾಂಗಾ, ಜಿನ್ನಿಂಗ್ ಗಿರಣಿಯ ಎಂಜಿನ್ನು, ಮೊದಲ ಟಂಟಂ, ಹಾಲಿನವನ ಯೆಜ್ದಿ ಅಲ್ಲಿರಲಿ. ಪ್ರತಿಯೊಂದರ ಮುಂದೆ ಅದನ್ನು ಓಡಿಸಿದವನ, ದುರಸ್ತಿ ಮಾಡಿದವನ ಹೆಸರಿರಲಿ.

ಕ್ಲಬ್ಬಿನ ಸಭಾಸದರಿಗೂ ಒಂದು ಮಾತು. ಗಾಡಿಗಳನ್ನು ಉಳಿಸಿದ್ದೀರಿ, ಅದಕ್ಕೆ ನಮ್ಮ ಮೆಚ್ಚಿಗೆಯಿದೆ. ಯಾರ ಗಾಡಿ ಹಳತು, ಯಾರದು ಅಸಲು ಎಂಬ ನಿಮ್ಮ ಜಗಳವನ್ನು ನೀವೇ ಬಗೆಹರಿಸಿಕೊಳ್ಳಿರಿ. ಆದರೆ ಮುಂದಿನ ಮೆರವಣಿಗೆಯಲ್ಲಿ ಒಡೆಯನ ಪಕ್ಕದ ಆಸನದಲ್ಲಿ ಮಿಸ್ತ್ರಿಯನ್ನು ಕೂಡಿಸಿರಿ. ನಡುದಾರಿಯಲ್ಲಿ ಗಾಡಿ ನಿಂತರೆ ಹೇಗಿದ್ದರೂ ಅವನೇ ಬೇಕು.